ಹುಲಿಯಾನ ವ್ಯಾನಿಗೆ ಟರ್ಬೊ ಕೂರಿಸಿದವನು

ಶಾಂತಾರಾಮ ಹರಿಕಂತ್ರ ತೀರಿಕೊಂಡ. 2005ರ ಡಿಸೆಂಬರ್ 8, ಗುರುವಾರ, ಬೆಳಿಗ್ಗೆ ಏಳರೊಳಗೆ, ಕಾರವಾರದ ಬೈತಖೋಲ ಬಂದರಿನ ಬದಿಯ ತನ್ನ ಶೆಡ್ಡಿನಲ್ಲಿ. ಪಕ್ಕದ ಐಸ್ ಅಂಗಡಿಯ ಸುಕ್ರ ಎರಡು ಲೋಟ ಚಾ ಹಿಡಿದು ಬಂದಾಗ ಅವನು ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ವಯಸ್ಸು ಐವತ್ತಾರು.

ಮರುದಿನ ಪತ್ರಿಕೆಯೊಂದರ ಮೂಲೆಯಲ್ಲಿ ‘ಬೋಟ್ ಮಾಲೀಕ ನಿಧನ’ ಎಂದು ಬಂತು. ಶಾಂತಾರಾಮನಿಗೆ ಬೋಟು ಇರಲಿಲ್ಲ. ಸೈಕಲ್ಲೂ ಇರಲಿಲ್ಲ. ನಾಲ್ಕಾರು ಊರುಗಳ ದೋಣಿಗಳನ್ನು ಓಡುವಂತೆ ಇಟ್ಟಿದ್ದ ಮನುಷ್ಯ ಇಪ್ಪತ್ತು ವರ್ಷ ಅಂಕೋಲೆಯಿಂದ ಕಾರವಾರಕ್ಕೆ ಸರಕಾರಿ ಬಸ್ಸಿನಲ್ಲಿ, ಹೆಚ್ಚಿನ ದಿನ ನಿಂತುಕೊಂಡೇ, ಓಡಾಡಿದ. ಬಸ್ಸಿನ ಸದ್ದು ಕೇಳುತ್ತ ಕೇಳುತ್ತ ಡ್ರೈವರಿನ ಹತ್ತಿರ ಹೋಗಿ, “ಎರಡನೇ ಇಂಜೆಕ್ಟರು ಹೋದ ಹಾಂಗೆ ಕಾಣ್ತದೆ. ಬಿಚ್ಚಿ ನೋಡ್ಬೇಕು” ಎನ್ನುತ್ತಿದ್ದ. ಡ್ರೈವರು, “ಟಿಕೆಟ್ ತೆಗ್ದಿದ್ಯಾ?” ಎಂದು ಕೇಳುತ್ತಿದ್ದ.

‘ಬಿಚ್ಚಿ ನೋಡ್ಬೇಕು’ ಎನ್ನುವುದು ಅವನ ಮಾತು. ಬಿಚ್ಚದೆ ಯಾವ ಎಂಜಿನ್ನಿನ ಬಗ್ಗೆಯೂ ಅವನು ತೀರ್ಪು ಕೊಟ್ಟವನಲ್ಲ. ಎರಡು ವರ್ಷದಿಂದ ಎದೆ ಉರಿಯುತ್ತಿತ್ತು. ಹೆಂಡತಿ ಸುಮಲತಾ ಡಾಕ್ಟರಿಗೆ ತೋರಿಸಿ ಎಂದು ಬೇಡಿಕೊಂಡಾಗಲೆಲ್ಲ, “ಬಿಚ್ಚದೇ ಹೇಳೂ ಡಾಕ್ಟರಂದ್ರೆ ನಂಗೆ ನಂಬಿಕಿಲ್ಲ. ಬಿಚ್ಚಿ ಹೇಳೂ ಡಾಕ್ಟರಂದ್ರೆ ಹೆದ್ರಿಕೆ” ಎಂದು ನಗಿಸಿ ಜಾರಿಕೊಳ್ಳುತ್ತಿದ್ದ. ಆಕೆ ನಗುತ್ತಿದ್ದಳು. ಈಗ ಆ ನಗುವನ್ನು ನೆನೆದು ಅಳುತ್ತಾಳೆ.

ಅವನು ಹುಟ್ಟಿದ್ದು ಗಂಗಾವಳಿ ನದಿ ಕಡಲು ಸೇರುವ ಮಂಜಗುಣಿಯಲ್ಲಿ. ಅಪ್ಪನ ಕಾಲಕ್ಕೆ ಹುಟ್ಟು ಹಾಕುವ ದೋಣಿ. ದೋಣಿಯ ಹಿಂದೆ ಸಿಕ್ಕಿಸುವ ಮೋಟಾರು ಈ ಕರಾವಳಿಗೆ ಬಂದಾಗ, ಎಂಟು ದಿನದ ತರಬೇತಿಗೆ ಊರಿನಿಂದ ಒಬ್ಬನನ್ನು ಮಂಗಳೂರಿಗೆ ಕಳಿಸಬೇಕಾಯಿತು. ಮೀನು ಹಿಡಿಯಲು ಯಾರು ಉಪಯೋಗಕ್ಕೆ ಬರುವುದಿಲ್ಲವೋ ಅವನನ್ನು ಕಳಿಸುವುದೆಂದು ಹಿರಿಯರು ತೀರ್ಮಾನಿಸಿದರು. ಕಡಲಿಗಿಳಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ಶಾಂತಾರಾಮ ಹೀಗೆ ಮೆಕ್ಯಾನಿಕ್ಕನಾದ. ಕೊನೆಯವರೆಗೂ ಅವನು ದೋಣಿಯ ಎಂಜಿನ್ನನ್ನು ದಡದಲ್ಲಿ, ನೀರು ತುಂಬಿದ ಡ್ರಮ್ಮಿನೊಳಗೆ ನಿಲ್ಲಿಸಿಯೇ ಪರೀಕ್ಷೆ ಮಾಡಿದ್ದು.

2005ರ ಅಕ್ಟೋಬರಿನಲ್ಲಿ ನಾಗಿ ಅವನ ಶೆಡ್ಡಿಗೆ ಬಂದಳು.

ನಾಗಿ ಬೈತಖೋಲದವಳು. ಬಂದರಿನ ಬೆಳಗಿನ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಮೀನು ಕೊಂಡು ಮಲ್ಲಾಪುರಕ್ಕೆ ಒಯ್ದು ಮಾರುತ್ತಿದ್ದಳು. ಮಲ್ಲಾಪುರವೆಂದರೆ ಅಣುಸ್ಥಾವರದ ನೌಕರರ ಊರು. ಅಣುವಿನಿಂದ ಕರೆಂಟು ತೆಗೆಯುವವರಿಗೂ ಮಧ್ಯಾಹ್ನಕ್ಕೆ ಬಂಗಡೆ ಬೇಕು, ಅದೂ ಏಳು ಗಂಟೆಯ ಶಿಫ್ಟಿನ ಬಸ್ಸು ಹೊರಡುವ ಮುಂಚೆ ಬೇಕು. ಪೇಟೆಯಲ್ಲಿ ನಾಲ್ಕು ಜನ ಕೂರುವಷ್ಟು ಒಂದು ಕಲ್ಲಿನ ಕಟ್ಟೆ, ಮೇಲೆ ತಗಡು. ಆರೂವರೆಯೊಳಗೆ ಬಂದು ಬುಟ್ಟಿ ಇಟ್ಟವರಿಗೆ ಕಟ್ಟೆ. ತಡವಾದವರು ರಸ್ತೆಯಾಚೆ ಗಟಾರದ ಬದಿ. ಸತತ ಮೂರು ದಿನ ಬುಟ್ಟಿ ಬೀಳದ ಜಾಗ, ನಾಲ್ಕನೇ ದಿನ ಆರೂವರೆಯೊಳಗೂ ಬುಟ್ಟಿ ಬೀಳದಿದ್ದರೆ, ಬೇರೆಯವರ ಪಾಲು. ಹದಿನಾಲ್ಕು ವರ್ಷ ನಾಗಿ ಆ ಕಟ್ಟೆಯ ಮೊದಲ ಜಾಗದಲ್ಲಿ ಕೂತಿದ್ದಳು.

ಈಗ ಬೀರಾ ಎನ್ನುವವನು ಹೊಸ ಡೀಸೆಲ್ ಟೆಂಪೊ ತಂದು ಆರು ಗಂಟೆಗೇ ಅಲ್ಲಿರುತ್ತಿದ್ದ. ನಾಗಿಯ ಮನೆಯಲ್ಲಿದ್ದದ್ದು ಹಳೆಯ ಪೆಟ್ರೋಲ್ ಓಮ್ನಿ ವ್ಯಾನು. ಓಡಿಸುವವನು ಗಂಡ ಹುಲಿಯಾ. ಲಿಲಾವು ಮುಗಿಯುವುದೇ ಐದೂ ಕಾಲಿಗೆ. ಐಸು, ಮೀನು, ಇಬ್ಬರು ಮನುಷ್ಯರು ಕೂತ ಮೇಲೆ ವ್ಯಾನು ಕಾಳಿ ನದಿಯ ಬದಿಯ ಏರುಗಳಲ್ಲಿ ಎರಡನೇ ಗೇರಿಗೆ ಬಂದು ಮಲ್ಲಾಪುರ ಮುಟ್ಟುವಾಗ ಆರೂ ನಲವತ್ತು. ಹಿಂದಿನ ಎರಡು ದಿನ ಹಾಗೆಯೇ ಆಗಿತ್ತು. ಮೂರನೆಯ ದಿನ ಬೀರಾನ ಟೆಂಪೊ ಪಂಕ್ಚರ್ ಆಗಿದ್ದರಿಂದ ಜಾಗ ಉಳಿದಿತ್ತು.

“ದಿನಾ ಅವನ ಟಾಯರು ಒಡೀಲಿ ಅಂತ ದೇವರಿಗೆ ಹೇಳ್ಕಂಬೂಕಾಗ್ತದ್ಯಾ?” ಎಂದಳು ನಾಗಿ. “ಹತ್ತು ನಿಮಿಷ ಕೊಡು ಮಾರಾಯಾ. ಹೆಚ್ಗೆ ಬ್ಯಾಡ.”

“ಹುಲಿಯಣ್ಣನಿಗೆ ಸ್ವಲ್ಪ ಜೋರು ಹೊಡೀ ಅನ್ನು ಅತ್ತಿಗೆ.”

“ಅವ ಜೋರು ಹೊಡೀತ. ವ್ಯಾನು ಓಡೂದಿಲ್ಲ.”

ಶಾಂತಾರಾಮ ಒಂದು ದಿನ ಅವರ ಜೊತೆ ಮಲ್ಲಾಪುರಕ್ಕೆ ಹೋಗಿಬಂದ. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಅದು ತನ್ನ ಶಕ್ತಿಯಷ್ಟನ್ನೂ ಪ್ರಾಮಾಣಿಕವಾಗಿ ಕೊಡುತ್ತಿತ್ತು. ಆ ಶಕ್ತಿಯೇ ಅಷ್ಟು. ಇಂಥ ಪ್ರಾಮಾಣಿಕರಿಗೆ ಏನು ಮಾಡಬೇಕೆಂದು ಅವನು ವಾರವೆಲ್ಲ ಯೋಚಿಸಿದ. ವಾಸ್ಕೋದ ಗುಜರಿ ಅಂಗಡಿಯೊಂದರಲ್ಲಿ ಯಾವುದೋ ಜಪಾನಿ ಸಣ್ಣ ಕಾರಿನಿಂದ ಬಿಚ್ಚಿಟ್ಟ ಟರ್ಬೊ ಒಂದನ್ನು ಅವನು ಹಿಂದೆ ನೋಡಿದ್ದ. ತೆಂಗಿನಕಾಯಿಯಷ್ಟು ದೊಡ್ಡದು. ಎಂಜಿನ್ನು ಹೊರಗೆ ಬಿಡುವ ಹೊಗೆಯ ಬಲದಿಂದಲೇ ಅದರ ಚಕ್ರ ತಿರುಗುತ್ತದೆ. ಆ ಚಕ್ರ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಅದಕ್ಕೆ ಸರಿಯಾಗಿ ಪೆಟ್ರೋಲು ಹೆಚ್ಚು ಬೇಕು. ಪೆಟ್ರೋಲು ಕಡಿಮೆಯಾಯಿತೋ, ಒಳಗಿನ ಬೆಂಕಿ ವಿಪರೀತ ಬಿಸಿಯಾಗಿ ಪಿಸ್ಟನ್ನೇ ಕರಗುತ್ತದೆ. ಆದ್ದರಿಂದ ಟರ್ಬೊ ತರುವುದು ಸುಲಭ. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಯಾವುದು, ಅದನ್ನು ಎಲ್ಲಿ ಕೂರಿಸುವುದು, ಪೆಟ್ರೋಲನ್ನು ಹೇಗೆ ಮುಟ್ಟಿಸುವುದು ಎಂಬುದೇ ಕೆಲಸ.

ಸುದ್ದಿ ಹಬ್ಬಿದ್ದೇ ತಡ, ಬೈತಖೋಲದಲ್ಲಿ ಎಲ್ಲರೂ ತಜ್ಞರಾದರು. ಸುಕ್ರ ಎರಡು ಕಾರ್ಬುರೇಟರ್ ಹಾಕು ಎಂದ. ಹುಲಿಯಾ, “ಸೀಮೆಎಣ್ಣೆ ಮೇಲೆ ಓಡೂ ಹಾಂಗೆ ಮಾಡೂಕಾಗ್ತದ್ಯನಾ, ದೋಣಿ ಹಾಂಗೆ?” ಎಂದು ಕೇಳಿದ. ಒತ್ತಿದ ಗಾಳಿಯಲ್ಲಿ ಸೀಮೆಎಣ್ಣೆ ಹೊತ್ತಿದರೆ ಎಂಜಿನ್ನು ಸುತ್ತಿಗೆಯಲ್ಲಿ ಬಡಿದ ಹಾಗೆ ಬಡಿದುಕೊಂಡು ಸಾಯುತ್ತದೆಂದು ಶಾಂತಾರಾಮ ವಿವರಿಸಿದ. ಹುಲಿಯಾ ಒಪ್ಪಿದ, ಆದರೆ ಪೆಟ್ರೋಲನ್ನು ಹಾಗೆ ಸುಡುವುದು ಅವನ ಮನಸ್ಸಿಗೆ ಹಿತವಾಗಲಿಲ್ಲ. ಮೂವತ್ತು ವರ್ಷ ಅವನು ದೋಣಿಯ ತಾಂಡೇಲನಾಗಿದ್ದವನು. ಚುಕ್ಕಾಣಿ ಅವನ ಕೈಯಲ್ಲೇ. ಪೆಟ್ರೋಲೆಂದರೆ ಎಂಜಿನ್ ಚಾಲೂ ಮಾಡಲು ಒಂದು ಗುಟುಕು, ಆಮೇಲೆಲ್ಲ ಸೀಮೆಎಣ್ಣೆ.

ನಾಗಿಯ ಗಿರಾಕಿಗಳಲ್ಲಿ ರೋಹಿತ ಎಂಬ ಸ್ಥಾವರದ ಇಂಜಿನಿಯರ್ ಇದ್ದ. ಅವನು ಭಾನುವಾರ ಕಾಗದದ ಕಟ್ಟು ಹಿಡಿದು ಶೆಡ್ಡಿಗೇ ಬಂದ.

“ಕಾರ್ಬುರೇಟರ್ ಬಿಡಿ ಶಾಂತಾರಾಮ್. ಈಗೆಲ್ಲಾ ಇಂಜೆಕ್ಷನ್. ಪೆಟ್ರೋಲನ್ನ ಕಂಪ್ಯೂಟರೇ ಅಳೆದು ಚಿಮ್ಮಿಸುತ್ತೆ.”

“ಕೆಟ್ರೆ ಎಂತಾ ಮಾಡೂದು ಸಾರ್?”

“ಕಂಪ್ಯೂಟರ್ ಹಚ್ಚಿ ನೋಡ್ತಾರೆ.”

“ಎಲ್ಲಿ?”

“ಹುಬ್ಬಳ್ಳೀಲಿ ಇದೆ.”

“ನಾಗಿ ಅತ್ತಿಗೆ ಮೀನು ಮಾರೂದು ಮಲ್ಲಾಪುರದಾಗೆ, ಸಾರ್.”

ರೋಹಿತ ನಕ್ಕು ಕಾಗದದ ಕಟ್ಟನ್ನು ಬಿಟ್ಟುಹೋದ. ಶಾಂತಾರಾಮ ಅದನ್ನು ಪೂರ್ತಿ ಓದಿದ. ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಚಿತ್ರಗಳು ಪೂರ್ತಿ.

ದಾರಿ ಎರಡಿದ್ದವು. ಕಾರ್ಬುರೇಟರನ್ನು ಟರ್ಬೊಕ್ಕಿಂತ ಮುಂಚೆ ಇಟ್ಟರೆ, ಟರ್ಬೊ ಪೆಟ್ರೋಲು ಬೆರೆತ ಗಾಳಿಯನ್ನೇ ಹೀರಿ ಮುಂದೆ ನೂಕುತ್ತದೆ. ಸುಲಭದ ದಾರಿ. ಆದರೆ ಚಳಿಗಾಲದ ಬೆಳಿಗ್ಗೆ ಉದ್ದದ ಕೊಳವೆಯ ಗೋಡೆಗೇ ಪೆಟ್ರೋಲು ಹನಿಯಾಗಿ ಕೂತುಬಿಡುತ್ತದೆ, ಟರ್ಬೊದೊಳಗಿನ ಆಯಿಲ್ಲೂ ಸೋರಿ ಒಳಗೆ ಬರುತ್ತದೆ. ಕಾರ್ಬುರೇಟರನ್ನು ಟರ್ಬೊದ ಆಚೆ, ಎಂಜಿನ್ನಿನ ಬಾಯಿಗೇ ಇಟ್ಟರೆ ಆ ತೊಂದರೆಯಿಲ್ಲ, ಆಕ್ಸಿಲರೇಟರಿಗೆ ಕಾಲಿಟ್ಟ ಕೂಡಲೇ ಎಳೆತ ಸಿಗುತ್ತದೆ. ಆದರೆ ಈಗ ಗಾಳಿ ಕಾರ್ಬುರೇಟರಿನೊಳಕ್ಕೆ ಒತ್ತಿಕೊಂಡು ಬರುತ್ತದೆ. ಪೆಟ್ರೋಲು ನಿಲ್ಲುವ ಬಟ್ಟಲಿಗೂ ಅಷ್ಟೇ ಒತ್ತಡ ಕೊಡದಿದ್ದರೆ ಪೆಟ್ರೋಲು ಹೊರಗೇ ಬರುವುದಿಲ್ಲ. ಪಂಪು ಆ ಒತ್ತಡವನ್ನು ಮೀರಿ ದೂಡಬೇಕು. ಬಟ್ಟಲಿನಲ್ಲಿ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಟೊಳ್ಳು ಹಿತ್ತಾಳೆಯ ಗುಂಡು ಒತ್ತಡಕ್ಕೆ ಅಪ್ಪಚ್ಚಿಯಾಗಬಾರದು.

ಅವನು ಎರಡನೆಯ ದಾರಿ ಹಿಡಿದ. ಹಳೆಯ ಕಾರೊಂದರ ಒಂದೇ ಬಾಯಿಯ ಕಾರ್ಬುರೇಟರ್ ಆರಿಸಿಕೊಂಡ. ಅದರಲ್ಲಿ ಸ್ಕ್ರೂಡ್ರೈವರಿಗೆ ಸಿಗದ ಭಾಗವೇ ಇರಲಿಲ್ಲ. ಬಟ್ಟಲಿನ ಮುಚ್ಚಳಕ್ಕೆ ತೂತು ಕೊರೆದು ಗಾಳಿಯ ಕೊಳವೆ ಸೇರಿಸಿದ. ವಿದ್ಯುತ್ ಪಂಪು ಹಾಕಿದ. ಹಿತ್ತಾಳೆಯ ಗುಂಡನ್ನು ಪರೀಕ್ಷಿಸಲು ಮನೆಯ ಕುಕ್ಕರಿನೊಳಗಿಟ್ಟು, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಕುಕ್ಕರಿನ ಸೀಟಿ ಏಳುವವರೆಗೆ ಒತ್ತಿದ. ತೆಗೆದು ನೋಡಿದರೆ ಹಿತ್ತಾಳೆ ಹಿಂಡಿದ ಲಿಂಬೆಕಾಯಿಯಾಗಿತ್ತು. ಸುಮಲತಾ ನಾಲ್ಕು ದಿನ ಅನ್ನದಲ್ಲಿ ಪೆಟ್ರೋಲಿನ ವಾಸನೆ ಎಂದು ಬೈದಳು.

ಆಮೇಲೆ ಅವನು ಬಲೆಗೆ ಕಟ್ಟುವ ಬೆಂಡೊಂದನ್ನು ತಂದ. ಕಡಲ ಒತ್ತಡಕ್ಕೆ ಹೆದರದ್ದು, ಒಳಗೆ ಟೊಳ್ಳಿಲ್ಲದ್ದು. ಬ್ಲೇಡಿನಿಂದ ಕೆತ್ತಿ, ಎಂಟು ದಿನ ಪೆಟ್ರೋಲಿನ ಬಾಟಲಿಯಲ್ಲಿ ಮುಳುಗಿಸಿಟ್ಟು, ಕರಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಂಕೋಲೆಯ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿದ. ಅಕ್ಕಸಾಲಿ, “ಇದೆಂತಾ ಒಡವೆ ಶಾಂತಾರಾಮಣ್ಣಾ?” ಎಂದು ಕೇಳಿದ. “ನಾಗಿ ಅತ್ತಿಗೆಯ ಮೂಗುತಿ” ಎಂದ ಶಾಂತಾರಾಮ.

ಒತ್ತಿದ ಗಾಳಿ ಬಿಸಿಯಾಗುತ್ತದಲ್ಲ, ಅದಕ್ಕೆ ಕೊಳವೆಯನ್ನು ಮೀನಿನ ಐಸ್ ಪೆಟ್ಟಿಗೆಯ ಅಡಿಯಿಂದಲೇ ಹಾಯಿಸಿದ. ರೋಹಿತ ಬಂದು ಬಗ್ಗಿ ನೋಡಿದ. ಬಂಗಡೆಯನ್ನೂ ಎಂಜಿನ್ನನ್ನೂ ಒಂದೇ ಐಸಿನಲ್ಲಿ ತಂಪು ಮಾಡುವ ಗಾಡಿ ಲೋಕದಲ್ಲಿ ಇನ್ನೊಂದಿರಲಾರದು ಎಂದ. ಲೋಕದ ಮಾತು ಶಾಂತಾರಾಮನಿಗೆ ಗೊತ್ತಿರಲಿಲ್ಲ. ಮಲ್ಲಾಪುರದ ದಾರಿಯಲ್ಲಿ ಇನ್ನೊಂದು ಇಲ್ಲವೆಂದು ಮಾತ್ರ ಗೊತ್ತಿತ್ತು.

ಕೊನೆಗೆ, ಪೆಟ್ರೋಲು ಬರುವ ಕೊಳವೆಗೆ ಒಂದು ಕಾಕ್ ಹಾಕಿದ. ತಿರುಗಿಸಿದರೆ ಪೆಟ್ರೋಲು ನಿಲ್ಲುವ ಹಿತ್ತಾಳೆಯ ಕಾಕ್. ಕಾಗದದ ಕಟ್ಟಿನಲ್ಲಿ ಅದು ಎಲ್ಲಿಯೂ ಇರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಇಪ್ಪತ್ತು ವರ್ಷ ದೋಣಿಯ ಎಂಜಿನ್ನುಗಳಿಗೆ ಹಾಕಿ ಅಭ್ಯಾಸ, ಹಾಕಿದ. ಓಮ್ನಿಯ ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ಕಾಕ್ ಬಂದು ಕೂತದ್ದು ಡ್ರೈವರಿನ ಎಡಗೈಗೆ ಸರಿಯಾಗಿ.

ಅಷ್ಟು ದಿನ ನಾಗಿ ಮೂರು ದಿನಕ್ಕೊಮ್ಮೆ ಅರ್ಧ ಮೀನಷ್ಟೇ ಹೇರಿಕೊಂಡು ಬೇಗ ಹೋಗಿ ಜಾಗ ಉಳಿಸಿಕೊಂಡಿದ್ದಳು. ನವೆಂಬರ್ ನಡುವಿನಲ್ಲಿ ಟರ್ಬೊ ಕೂತ ವ್ಯಾನು ಹೊರಟಿತು. ಮೊದಲ ದಿನವೇ ಆರೂ ಇಪ್ಪತ್ತಕ್ಕೆ ಮಲ್ಲಾಪುರ. ಮೂರನೆಯ ಗೇರಿನಲ್ಲೇ ಏರು ಹತ್ತಿತಂತೆ. ನಾಗಿ ಕಟ್ಟೆಯ ಮೊದಲ ಜಾಗದಲ್ಲಿ ಬುಟ್ಟಿ ಇಟ್ಟು ಬೀರಾನಿಗೆ, “ಯಾಕೋ, ಟಾಯರು ಒಡೀತ್ಯಾ?” ಎಂದು ಕೇಳಿದಳಂತೆ. ಹತ್ತೊಂಬತ್ತು ದಿನ ಹೀಗೆ ನಡೆಯಿತು. ಬಂದರಿನಲ್ಲಿ ಶಾಂತಾರಾಮನಿಗೆ ಹೊಸ ಮರ್ಯಾದೆ ಬಂತು. ಅವನಿಗೆ ಕಾರ್ಬುರೇಟರ್ ಹೇಳಿಕೊಟ್ಟಿದ್ದೇ ತಾನೆಂದು ಸುಕ್ರ ಎಲ್ಲರಿಗೂ ಹೇಳತೊಡಗಿದ.

ಇಪ್ಪತ್ತನೆಯ ದಿನ, ಡಿಸೆಂಬರ್ 5ರ ಸೋಮವಾರ, ಮಲ್ಲಾಪುರದ ಮುಂಚಿನ ಕೊನೆಯ ಏರಿನಲ್ಲಿ ವ್ಯಾನು ಬಡಿದುಕೊಂಡು, ಹೊಗೆ ಕಾರಿ ನಿಂತಿತು. ಲಾರಿಯ ಹಿಂದೆ ಕಟ್ಟಿಸಿ ತಂದರು. ನಾಗಿ ಗಟಾರದ ಬದಿ ಕೂತು ಅರ್ಧ ಮೀನು ಮಾರಿ ಬಂದಳು. ಜಾಗ ಹೋಗಲು ಇನ್ನು ಎರಡು ದಿನ. ಗುರುವಾರ ಬೆಳಿಗ್ಗೆ ಆರೂವರೆಯೊಳಗೆ ಅಲ್ಲಿ ಬುಟ್ಟಿ ಬೀಳದಿದ್ದರೆ ಹದಿನಾಲ್ಕು ವರ್ಷದ ಕಟ್ಟೆ ಬೀರಾನ ಪಾಲು.

ಶಾಂತಾರಾಮ ಬಿಚ್ಚಿದ. ಒಂದು ಪಿಸ್ಟನ್ನಿನ ತಲೆಯಲ್ಲಿ ಹುಣಸೆ ಬೀಜದಷ್ಟು ತೂತು. ಪೆಟ್ರೋಲು ಸಾಲದೆ ಬಿಸಿಯಾದ ಗುರುತು ಅದು. ಅವನು ಮೊದಲು ಅನುಮಾನಿಸಿದ್ದು ತನ್ನನ್ನೇ. ಬೆಂಡನ್ನು ತೆಗೆದು ನೋಡಿದ, ಕೆತ್ತಿದಷ್ಟೇ ಇತ್ತು. ಪೆಟ್ರೋಲು ಹರಿಯುವ ಸಣ್ಣ ತೂತುಗಳಿಗೆ ಗಾಳಿ ಊದಿದ, ಸ್ವಚ್ಛ. ಪಂಪು ಸರಿ. ಕೊಳವೆ ಸರಿ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಹೊಸ ಪಿಸ್ಟನ್ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು. ಆದರೆ ಕಾರಣ ತಿಳಿಯದೆ ಅದನ್ನು ಕೂರಿಸಿದರೆ ಅದಕ್ಕೂ ತೂತೇ. ಅವನು ಅಂಕೋಲೆಗೆ ಹೋಗಲಿಲ್ಲ, ಶೆಡ್ಡಿನಲ್ಲೇ ಮಲಗಿದ. ಎದೆಯುರಿಗೆ ಸುಕ್ರನ ಅಂಗಡಿಯ ಐಸು ನುಂಗಿದ.

ಬುಧವಾರ ಬೆಳಿಗ್ಗೆ ಹುಲಿಯಾನನ್ನು ಕರೆದ.

“ಹುಲಿಯಣ್ಣಾ, ಆ ದಿನ ಹ್ಯಾಂಗೆ ಹೊಡ್ದೆ?”

“ಯಾವಾಗ್ಲೂ ಹೊಡೀದ ಹಾಂಗೇ.”

“ಹತ್ತಿ ಕುಂತ್ಕೋ. ಇಲ್ಲೇ ಹೊಡ್ದು ತೋರ್ಸು. ಬೈತಖೋಲದಿಂದ ಸುರು ಮಾಡು.”

ನಾಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಂಜಿನ್ನು ಬಿಚ್ಚಿಹಾಕಿದ ವ್ಯಾನಿನಲ್ಲಿ, ಅರವತ್ತೊಂದು ವರ್ಷದ ಹುಲಿಯಾ ನಾಚಿಕೊಳ್ಳುತ್ತ ಕೂತು ಸ್ಟೇರಿಂಗ್ ಹಿಡಿದ. ಸ್ವಲ್ಪ ಹೊತ್ತಿಗೆ ನಾಚಿಕೆ ಹೋಯಿತು. ಗೇರು ಹಾಕಿದ, ತಿರುವು ತಿರುಗಿಸಿದ, ಇಲ್ಲದ ಎಮ್ಮೆಗೆ ಹಾರ್ನ್ ಹೊಡೆದ. “ಈಗ ಕೊನೇ ಏರು ಬಂತು” ಎಂದು ಕಾಲನ್ನು ಪೂರ್ತಿ ಒತ್ತಿದ. ಎಡಗೈ ಸೀಟಿನ ಅಡಿಗೆ ಹೋಯಿತು, ಏನನ್ನೋ ತಿರುಗಿಸಿತು, ಮೇಲೆ ಬಂತು.

“ಅದೆಂತಾ ಮಾಡ್ದೆ ಈಗ?” ಎಂದ ಶಾಂತಾರಾಮ.

“ಎಂತಾ ಮಾಡ್ದೆ?”

“ಎಡಗೈಲಿ.”

ಹುಲಿಯಾ ತನ್ನ ಎಡಗೈಯನ್ನು ನೋಡಿಕೊಂಡ. ಅದು ಏನು ಮಾಡಿತ್ತೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ದೋಣಿಯವರ ಪದ್ಧತಿ ಹಾಗೆ. ಸೀಮೆಎಣ್ಣೆ ಕಾರ್ಬುರೇಟರಿನಲ್ಲೇ ಉಳಿದರೆ ಉಪ್ಪುಗಾಳಿಗೆ ಅಂಟು ಕಟ್ಟಿ ಮರುದಿನ ಎಂಜಿನ್ನು ಏಳುವುದಿಲ್ಲ. ಅದಕ್ಕೆ ದಡ ಇನ್ನೂ ದೂರವಿರುವಾಗಲೇ ಕಾಕ್ ಮುಚ್ಚಿ, ಬಟ್ಟಲಿನಲ್ಲಿ ಉಳಿದದ್ದನ್ನು ಸುಟ್ಟುಕೊಂಡು ಬರುತ್ತಾರೆ. ಎಷ್ಟು ದೂರದಲ್ಲಿ ಮುಚ್ಚಬೇಕೆಂಬುದೇ ತಾಂಡೇಲನ ಹೆಚ್ಚುಗಾರಿಕೆ. ಹುಲಿಯಾನ ದೋಣಿಯ ಮೂತಿ ಮರಳು ಮುಟ್ಟುವುದಕ್ಕೂ ಎಂಜಿನ್ನು ನಿಲ್ಲುವುದಕ್ಕೂ ನಡುವೆ ಒಂದು ಕೆಮ್ಮಿನಷ್ಟೂ ಹೊತ್ತು ಇರುತ್ತಿರಲಿಲ್ಲ. ಅದನ್ನು ನೋಡಲೆಂದೇ ದಡದಲ್ಲಿ ಜನ ನಿಲ್ಲುತ್ತಿದ್ದರು. ಹತ್ತೊಂಬತ್ತು ದಿನ ಟರ್ಬೊ ಎಂದರೆ ಭಯವಿತ್ತು, ಅವನು ಡ್ರೈವರಾಗಿದ್ದ. ಇಪ್ಪತ್ತನೆಯ ದಿನ ಭಯ ಹೋಯಿತು, ತಾಂಡೇಲನಾದ. ಮಲ್ಲಾಪುರದ ಕಟ್ಟೆ ಅವನಿಗೆ ದಡವಾಯಿತು. ಏರಿನಲ್ಲಿ, ಟರ್ಬೊ ಪೂರ್ತಿ ಗಾಳಿ ಒತ್ತುತ್ತಿರುವಾಗ, ಪೆಟ್ರೋಲು ನಿಂತಿತು. ನಿಂತ ವ್ಯಾನನ್ನು ಮತ್ತೆ ಚಾಲೂ ಮಾಡಲು ನೋಡಿದಾಗ ಅದೇ ಕೈ ಕಾಕನ್ನು ಬಿಟ್ಟಿತ್ತು, ಆದ್ದರಿಂದ ಶೆಡ್ಡಿನಲ್ಲಿ ಅದರ ಗುರುತೇ ಸಿಕ್ಕಿರಲಿಲ್ಲ.

“ಅಯ್ಯೋ ದೇವ್ರೇ, ವ್ಯಾನನ್ನ ಮರಳಿಗೆ ಹಚ್ಚೂಕೆ ಹೋಗಿದ್ಯಾ!” ಎಂದು ನಾಗಿ ಹಣೆ ಬಡಿದುಕೊಂಡಳು.

ಶಾಂತಾರಾಮ ಬೈಯಲಿಲ್ಲ. ಮುಚ್ಚಿದ ಕೈ ಹುಲಿಯಾನದು. ಮುಚ್ಚಲು ಕಾಕ್ ಇಟ್ಟ ಕೈ ತನ್ನದು. ಕಾರ್ಬುರೇಟರ್ ಎಲ್ಲಿರಬೇಕೆಂದು ಊರೆಲ್ಲ ವಾದ ಮಾಡಿತ್ತು, ಕಾಕ್ ಯಾಕಿದೆ ಎಂದು ಒಬ್ಬನೂ ಕೇಳಿರಲಿಲ್ಲ.

ಸಂಜೆಯೊಳಗೆ ಪಿಸ್ಟನ್ ಕೂರಿಸಿ, ಕಾಕ್ ತೆಗೆದು, ಕೊಳವೆಯನ್ನು ನೇರ ಜೋಡಿಸಿ, ಬಂದರಿನ ರಸ್ತೆಯಲ್ಲಿ ಓಡಿಸಿ ನೋಡಲು ಹೇಳಿದ. ಹುಲಿಯಾ ಓಡಿಸಿದ. ಶೆಡ್ಡು ಹತ್ತಿರವಾದಂತೆ ಎಡಗೈ ಸೀಟಿನ ಅಡಿಗೆ ಹೋಯಿತು. ಅಲ್ಲಿ ಏನೂ ಸಿಗಲಿಲ್ಲ. ಕೈ ತಡಕಾಡಿತು, ಕೈಯ ಹಿಂದೆ ಕಣ್ಣೂ ಹೋಯಿತು, ವ್ಯಾನು ಸುಕ್ರನ ಐಸ್ ಅಂಗಡಿಯ ಮೆಟ್ಟಿಲಿಗೆ ಒಂದು ಗೇಣು ಉಳಿಸಿ ನಿಂತಿತು. ಸುಕ್ರ ಕಾರ್ಬುರೇಟರ್ ಹೇಳಿಕೊಟ್ಟ ಕೀರ್ತಿಯನ್ನು ಅಲ್ಲಿಯೇ ಬಿಟ್ಟುಕೊಟ್ಟ.

“ನಾನು ದೇವರ ಮೇಲೆ ಆಣೆ ಹಾಕ್ತೆ, ಇನ್ ಕೈ ಹಾಕೂದಿಲ್ಲ” ಎಂದ ಹುಲಿಯಾ. ಅವನ ಕಣ್ಣಲ್ಲಿ ನೀರಿತ್ತು.

“ನೀನು ಹಾಕೂದಿಲ್ಲ ಹುಲಿಯಣ್ಣಾ. ಕೈ ಹಾಕ್ತದೆ” ಎಂದ ಶಾಂತಾರಾಮ. “ಹೋಗಿ ಮನೀಕೋ. ಬೆಳಿಗ್ಗೆ ಬಾ.”

ಹುಲಿಯಾ ಹೋದ ಮೇಲೆ ಅವನು ಕಾಕನ್ನು ಮತ್ತೆ ಹಳೆಯ ಜಾಗದಲ್ಲೇ ಬಿಗಿದ. ಆದರೆ ಕೊಳವೆಗೆ ಸೇರಿಸಲಿಲ್ಲ. ಎರಡೂ ತುದಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ, ನೋಡಿದವರಿಗೆ ಕೊಳವೆಯಂತೆಯೇ ಕಾಣುವ ಹಾಗೆ ಮಾಡಿದ. ತಿರುಗಿಸಿದರೆ ಮೊದಲಿನಷ್ಟೇ ಬಿಗಿ, ಕೊನೆಯಲ್ಲಿ ಅದೇ ‘ಟಕ್’. ಪೆಟ್ರೋಲು ಮಾತ್ರ ತನ್ನ ಪಾಡಿಗೆ ಪಕ್ಕದಲ್ಲಿ ಹರಿಯುತ್ತಿತ್ತು. ನಾಗಿಗೆ ಒಬ್ಬಳಿಗೇ ತೋರಿಸಿದ. ಅವಳು ಕಾಕನ್ನೂ ಅವನ ಮುಖವನ್ನೂ ನೋಡಿದಳು.

“ಅವಂಗೆ ಹೇಳ್ಬೇಡ ಅಂತಿದ್ಯಾ?”

“ಹೇಳ್ರೆ ಕೈ ಮತ್ತೆ ಹುಡುಕ್ತದೆ ಅತ್ತಿಗೆ.”

ಗುರುವಾರ ಬೆಳಿಗ್ಗೆ ಹುಲಿಯಾನಿಗೆ, ಕಾಕನ್ನು ಮತ್ತೆ ಹಾಕಿದ್ದೇನೆ ಎಂದಷ್ಟೇ ಹೇಳಿದ. ಐದೂ ಇಪ್ಪತ್ತಕ್ಕೆ ವ್ಯಾನು ಹೊರಟಿತು. ಶಾಂತಾರಾಮ ಅದರ ಸದ್ದು ಕೋಡಿಬೀರದ ತಿರುವಿನಾಚೆ ಕರಗುವವರೆಗೆ ರಸ್ತೆಯಲ್ಲಿ ನಿಂತಿದ್ದ. ಆಮೇಲೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡ. ಸುಕ್ರ ಚಾ ತರುತ್ತೇನೆಂದು ಹೋದ.

ಆರೂ ಇಪ್ಪತ್ತೆರಡಕ್ಕೆ ಫೋನು ಬಂತು. ನಾಗಿ. ಹಿಂದೆ ಪೇಟೆಯ ಗಲಾಟೆ.

“ಬುಟ್ಟಿ ಇಟ್ಟೆ ಶಾಂತಾರಾಮಾ. ಮೊದಲ್ನೇ ಜಾಗ. ಬೀರಾ ಮಕ ತಿರುಗ್ಸಿಕಂಡು ಕುಂತಿದ.” ಆಮೇಲೆ ದನಿ ತಗ್ಗಿಸಿ, “ಇವಂಗೆ ಕೊಡ್ತೆ. ಎಂತದೋ ಹೇಳ್ಬೇಕಂತೆ. ಮಕ ಸಣ್ಣ ಮಾಡ್ಕಂಡಿದ” ಎಂದಳು.

ಹುಲಿಯಾ ಫೋನು ಇಸಿದುಕೊಂಡು ಗಲಾಟೆಯಿಂದ ದೂರ ಹೋದ. ಆಮೇಲೆ, “ಶಾಂತಾ, ತಪ್ಪಾತು ಮಾರಾಯಾ. ಕೊನೇ ಏರಾಗೆ ಮತ್ತೆ ಬಂದ್ ಮಾಡ್ಬಿಟ್ಟೆ. ಇಲ್ಲಿ ಬಂದ್ಮೇಲೇ ಗೊತ್ತಾತು. ಎಂಜಿನ್ ಎಂತಾ ಆಗದೋ ಏನೋ” ಎಂದ.

ಶಾಂತಾರಾಮ ಎದೆ ಒತ್ತಿಕೊಂಡು ಉಸಿರು ಎಳೆದುಕೊಂಡ.

“ಎಂತದೂ ಆಗೂದಿಲ್ಲ ಹುಲಿಯಣ್ಣಾ. ಲಾಯ್ಕ ಜಾಗದಲ್ಲೇ ಬಂದ್ ಮಾಡೀಯೆ. ವಾಪಸ್ ಹೊರಡೂಕೆ ಮುಂಚೆ ಕಾಕ್ ಬಿಡೂಕೆ ಮಾತ್ರ ಮರೀಬೇಡ” ಎಂದು ಹೇಳಿ ಫೋನು ಇಟ್ಟ.